ಮೂರನೇ ಮಹಡಿ ಎತ್ತುವ ಮುಂಚೆ ಪಾಯ ಅಗೆದು ನೋಡಿ

ಪ್ರಶ್ನೆ: ಬೆಂಗಳೂರು ದಕ್ಷಿಣದಲ್ಲಿ ನಮ್ಮದು 30×40 ಸೈಟಿನ ಮನೆ. 1998ರಲ್ಲಿ ತಂದೆಯವರು ಪ್ಲಾನ್ ಮಂಜೂರು ಮಾಡಿಸಿ ನೆಲಮಹಡಿ, ಮೊದಲ ಮಹಡಿ ಕಟ್ಟಿಸಿದರು. 2009ರಲ್ಲಿ ಪ್ಲಾನ್ ಇಲ್ಲದೆ ಎರಡನೇ ಮಹಡಿ ಹಾಕಿದೆವು. ಒಂದೊಂದು ಮಹಡಿ ಸುಮಾರು ಒಂಬತ್ತು ಚದರ (900 ಚದರಡಿ). ಪಿಲ್ಲರುಗಳು 9 ಇಂಚಿಗೆ 9 ಇಂಚು. ತಾರಸಿಯಲ್ಲಿ 2,000 ಲೀಟರಿನ ಎರಡು ಟ್ಯಾಂಕ್ ಇವೆ. ಈಗ ಮೂರನೇ ಮಹಡಿ ಹಾಕಿ ಪಿಜಿಗೆ ಕೊಡೋಣ ಎಂದು ಅಣ್ಣ ಹಟ ಹಿಡಿದಿದ್ದಾನೆ. "25 ವರ್ಷ ಏನೂ ಆಗಿಲ್ಲ, ಇನ್ನೂ ಎರಡು ಮಹಡಿ ತಡೆಯುತ್ತೆ" ಎನ್ನುತ್ತಾರೆ ಮೇಸ್ತ್ರಿ. ಆದರೆ ಬಾತ್‌ರೂಮಿನ ಪಕ್ಕದ ಪಿಲ್ಲರಿನಲ್ಲಿ ಉದ್ದಕ್ಕೆ ಬಿರುಕು ಬಿಟ್ಟು ಕಂದು ಕಲೆ ಇಳಿದಿದೆ. ಎರಡನೇ ಮಹಡಿಯಲ್ಲಿ ಮೋಲ್ಡಿನ ಕೆಳಗೆ ಗೋಡೆಗೆ ಅಡ್ಡ ಬಿರುಕು ಬಂದಿದೆ. ಇದರ ಮಧ್ಯೆ ಪಕ್ಕದ ಸೈಟಿನವರು ಸೆಲ್ಲಾರ್‌ಗೆಂದು ಜೆಸಿಬಿ ತಂದು ಹತ್ತು ಅಡಿ ಅಗೆಯುತ್ತಿದ್ದಾರೆ. ಆ ಕಡೆಯ ಕಾಂಪೌಂಡ್ ಸ್ವಲ್ಪ ವಾಲಿದೆ. ಪರಿಚಯದ ಇಂಜಿನಿಯರ್ ಒಬ್ಬರು ಹ್ಯಾಮರ್ ಟೆಸ್ಟ್ (ಸ್ಪ್ರಿಂಗ್ ಸುತ್ತಿಗೆಯಿಂದ ಕಾಂಕ್ರೀಟು ತಟ್ಟಿ ನೋಡುವ ಪರೀಕ್ಷೆ) ಮಾಡಿ ಒಂದೇ ದಿನದಲ್ಲಿ ಸರ್ಟಿಫಿಕೇಟ್ ಕೊಡುತ್ತಾರಂತೆ. ಅದು ಸಾಕೇ? ತಪಾಸಣೆ ಮಾಡಿಸಿದರೆ ಪಾಲಿಕೆಗೆ ಗೊತ್ತಾಗಿ ಎರಡನೇ ಮಹಡಿಯನ್ನೇ ಒಡೆಸಿಬಿಟ್ಟರೆ?
— ಓದುಗರು, ಬೆಂಗಳೂರು

ಉತ್ತರ: ಅಣ್ಣನ ಹಟ, ಪಿಲ್ಲರಿನ ಬಿರುಕು, ಪಕ್ಕದ ಗುಂಡಿ, ಪಾಲಿಕೆಯ ಭಯ, ಈ ನಾಲ್ಕೂ ನಿಮ್ಮ ಪತ್ರದಲ್ಲಿ ಒಂದಕ್ಕೊಂದು ಹೆಣೆದುಕೊಂಡಿವೆ. ಮೊದಲು ಅವನ್ನು ಬಿಡಿಸಬೇಕು. ಮೂರನೇ ಮಹಡಿ ಆರು ತಿಂಗಳು ಕಾಯುತ್ತದೆ. ಪಿಲ್ಲರು ಕೆಲವು ವಾರ ಕಾಯಬಹುದು. ಪಕ್ಕದ ಗುಂಡಿ ಮುಂದಿನ ದೊಡ್ಡ ಮಳೆಯವರೆಗೂ ಕಾಯುವುದಿಲ್ಲ. ಆದ್ದರಿಂದ ಅಲ್ಲಿಂದಲೇ ಶುರು ಮಾಡೋಣ.

ಗುಂಡಿಯ ವಿಷಯ

ನಿಮ್ಮ ಪಿಲ್ಲರಿನ ಭಾರ ಪಾಯದ ಕೆಳಗೆ ನೇರವಾಗಿ ಮಾತ್ರ ಇಳಿಯುವುದಿಲ್ಲ, ಇಕ್ಕೆಲಕ್ಕೂ ಹರಡುತ್ತಾ ಹೋಗುತ್ತದೆ. ಪಾಯದ ತಳದ ಅಂಚಿನಿಂದ 45 ಡಿಗ್ರಿ ಓರೆಯಲ್ಲಿ ಕೆಳಕ್ಕೆ ಒಂದು ಗೆರೆ ಎಳೆದುಕೊಳ್ಳಿ. ಆ ಗೆರೆಯ ಒಳಗಿನ ಮಣ್ಣು ನಿಮ್ಮ ಮನೆಯನ್ನು ಹೊತ್ತಿದೆ ಎಂದೇ ತಿಳಿಯಬೇಕು. ಆ ಕಾಲದ 30×40 ಮನೆಗಳ ಪಾಯ ಸಾಮಾನ್ಯವಾಗಿ ನಾಲ್ಕರಿಂದ ಐದು ಅಡಿ ಆಳ. ನಿಮ್ಮದು ಐದು ಅಡಿ, ಅವರ ಗುಂಡಿ ಹತ್ತು ಅಡಿ ಎಂದಾದರೆ, ಗುಂಡಿಯ ಅಂಚು ನಿಮ್ಮ ಪಾಯದ ಅಂಚಿನಿಂದ ಐದು ಅಡಿಯೊಳಗೆ ಬಂದ ಕೂಡಲೇ ಅವರು ಅಗೆಯುತ್ತಿರುವುದು ನಿಮ್ಮ ಮನೆಯ ಆಧಾರವನ್ನು. ನೀವು ಮೂರು ಅಡಿ ಜಾಗ ಬಿಟ್ಟಿದ್ದರೂ ಪಾಯದ ಬುಡ ಪಿಲ್ಲರಿಗಿಂತ ಒಂದೂವರೆ ಅಡಿ ಆಚೆ ಚಾಚಿರುತ್ತದೆ. ಅಂದರೆ ನಡುವೆ ಉಳಿಯುವುದು ಒಂದೂವರೆ ಅಡಿ ಮಣ್ಣು.

"ಮಣ್ಣು ಗಟ್ಟಿಯಿದೆ ಸಾರ್, ನೋಡಿ ಹೆಂಗೆ ನೆಟ್ಟಗೆ ನಿಂತಿದೆ" ಎನ್ನುವ ಮಾತು ಪ್ರತಿ ಗುಂಡಿಯ ಬಳಿಯೂ ಕೇಳಿಸುತ್ತದೆ. ಬೆಂಗಳೂರಿನ ಕೆಮ್ಮಣ್ಣು ಒಣಗಿದ್ದಾಗ ಕತ್ತರಿಸಿದಂತೆ ನಿಲ್ಲುವುದು ನಿಜ. ಮಳೆ ಬಿದ್ದು ನೀರು ಒಳಗಿಳಿದಾಗ ಅದೇ ಗೋಡೆ ಒಂದು ರಾತ್ರಿಯಲ್ಲಿ ಜಾರುತ್ತದೆ. ಸೈಟು ಹಳೆಯ ಕೆರೆ ಅಂಗಳವೋ ತುಂಬಿಸಿದ ಮಣ್ಣೋ ಆಗಿದ್ದರೆ ಒಣಗಿದ್ದಾಗಲೂ ನಂಬುವಂತಿಲ್ಲ. ಕಾಂಪೌಂಡ್ ವಾಲಿರುವುದು ಮಣ್ಣು ಆಗಲೇ ಸರಿಯುತ್ತಿರುವುದರ ಗುರುತು.

ಇವತ್ತೇ ಮಾಡಬೇಕಾದ್ದು ಇಷ್ಟು. ಆ ಬದಿಯ ಎಲ್ಲ ಗೋಡೆ, ಪಿಲ್ಲರು, ನೆಲದ ಫೋಟೊ ತೆಗೆಯಿರಿ, ಚೌಕಟ್ಟಿನಲ್ಲಿ ಅಳತೆ ಟೇಪು ಕಾಣುವಂತೆ, ದಿನಾಂಕ ಸಮೇತ. ಇರುವ ಬಿರುಕಿನ ಎರಡು ತುದಿಗೂ ಪೆನ್ಸಿಲಿನಲ್ಲಿ ಅಡ್ಡಗೆರೆ ಹಾಕಿ ತಾರೀಕು ಬರೆಯಿರಿ. ಪಕ್ಕದ ಮಾಲೀಕರಿಗೂ ಅವರ ಇಂಜಿನಿಯರಿಗೂ ಲಿಖಿತವಾಗಿ, ಸ್ಪೀಡ್ ಪೋಸ್ಟಿನಲ್ಲಿ, ಅಗೆತ ನಿಲ್ಲಿಸಿ ಬದಿಗೆ ಆಸರೆ ಕೊಡುವವರೆಗೆ ಮುಂದುವರಿಸಬಾರದೆಂದು ತಿಳಿಸಿ. ಅದರ ಪ್ರತಿಯನ್ನು ವಾರ್ಡಿನ ಸಹಾಯಕ ಇಂಜಿನಿಯರ್ ಕಚೇರಿಗೆ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಮಾತಿನಲ್ಲಿ ಆಡಿದ ಜಗಳಕ್ಕೆ ನಾಳೆ ದಾಖಲೆ ಇರುವುದಿಲ್ಲ.

ಅವರಿಗೆ ಸೆಲ್ಲಾರ್ ಬೇಡವೆನ್ನುವ ಹಕ್ಕು ನಿಮಗಿಲ್ಲ, ಅದಕ್ಕೆ ಅನುಮತಿ ಇದ್ದರೆ. ಅಗೆಯುವ ಕ್ರಮವನ್ನು ಕೇಳುವ ಹಕ್ಕಿದೆ. ನಿಮ್ಮ ಗಡಿಯುದ್ದಕ್ಕೂ ಒಮ್ಮೆಲೇ ಅಗೆಯದೆ, ಸುಮಾರು ನಾಲ್ಕು ಅಡಿ ಅಗಲದ ಪಟ್ಟಿಗಳಾಗಿ, ಒಂದು ಬಿಟ್ಟು ಒಂದು ಅಗೆಯಬೇಕು. ತೆಗೆದ ಪಟ್ಟಿಯಲ್ಲಿ ತಡೆಗೋಡೆಯ ಭಾಗವನ್ನು ಹಾಕಿ, ಅದು ಬಲಿತ ಮೇಲೆ ಮುಂದಿನದು. ನಿಮ್ಮ ಪಾಯಕ್ಕಿಂತ ಕೆಳಗೆ ಹೋಗುವ ಕಡೆ ಹಲಗೆ, ಅಡ್ಡತೊಲೆ, ಆಸರೆ ಕಂಬಗಳನ್ನು ಮೊದಲೇ ನಿಲ್ಲಿಸಿರಬೇಕು. ತಡೆಗೋಡೆಗೂ ನಿಮ್ಮ ಮಣ್ಣಿಗೂ ನಡುವಿನ ಸಂದನ್ನು ಗಟ್ಟಿಯಾಗಿ ತುಂಬಬೇಕು. ಅಲ್ಲಿ ಕಟ್ಟಡದ ಕಸ ಸುರಿದು ಮುಚ್ಚುವುದು ನಮ್ಮಲ್ಲಿ ಬಲು ಸಾಮಾನ್ಯ, ಆಮೇಲೆ ನೀರು ನಿಲ್ಲುವುದೂ ಅಲ್ಲೇ.

ಕಾನೂನಿನ ಒಂದು ಸೂಕ್ಷ್ಮವೂ ಇದೆ. 1882ರ ಈಸ್‌ಮೆಂಟ್ಸ್ ಕಾಯ್ದೆ ಪಕ್ಕದ ಮಣ್ಣಿನ ಆಸರೆಯನ್ನು ಪ್ರತಿ ಭೂಮಾಲೀಕನ ಹಕ್ಕೆಂದು ಒಪ್ಪುತ್ತದೆ. ಆದರೆ ಅದು ಹೇಳುವುದು ಸಹಜ ಸ್ಥಿತಿಯ ನೆಲದ ಬಗ್ಗೆ. ಮೇಲೆ ಕಟ್ಟಿದ ಮಹಡಿಗಳ ಭಾರಕ್ಕೆ ಅದೇ ರಕ್ಷಣೆ ತಾನಾಗಿ ಸಿಗುವುದಿಲ್ಲ. ಎದುರಿನ ವಕೀಲರು ಮೊದಲು ಹಿಡಿಯುವುದೇ ನಿಮ್ಮ ಅನುಮತಿಯಿಲ್ಲದ ಎರಡನೇ ಮಹಡಿಯನ್ನು. ಹಾಗಾಗಿ ಕೋರ್ಟಿಗಿಂತ ಮುಂಚೆ ಇಬ್ಬರ ಇಂಜಿನಿಯರುಗಳೂ ಗುಂಡಿಯ ಬಳಿ ನಿಂತು ಮಾತಾಡಿಕೊಳ್ಳುವುದು ನಿಮಗೇ ಲಾಭ. ಅವರು ಕಿವಿಗೊಡದೆ ಅಗೆಯುತ್ತಲೇ ಹೋದರೆ ತಡೆಯಾಜ್ಞೆಗೆ ಹೋಗಲೇಬೇಕು.

ಯಾವ ಬಿರುಕಿಗೆ ಹೆದರಬೇಕು

ಎರಡನೇ ಮಹಡಿಯಲ್ಲಿ ಮೋಲ್ಡಿನ ಕೆಳಗೆ ಬಂದ ಅಡ್ಡ ಬಿರುಕು ನಿಮ್ಮ ನಿದ್ದೆ ಕೆಡಿಸಿದೆ ಎಂದು ಬರೆದ ರೀತಿಯಲ್ಲೇ ಗೊತ್ತಾಗುತ್ತದೆ. ಅದರ ಬಗ್ಗೆ ಅಷ್ಟು ಚಿಂತೆ ಬೇಡ. ಬಿಸಿಲಿಗೆ ತಾರಸಿ ಹಿಗ್ಗುತ್ತದೆ, ರಾತ್ರಿ ಕುಗ್ಗುತ್ತದೆ, ಕೆಳಗಿನ ಗೋಡೆ ಅಷ್ಟು ಅಲುಗುವುದಿಲ್ಲ. ಎರಡರ ನಡುವೆ ಸೀಳು ಬರುತ್ತದೆ. ಮೇಲಿನ ಮಹಡಿಯಲ್ಲಿ ಮಾತ್ರ ಇದ್ದು, ಒಂದೇ ಮಟ್ಟದಲ್ಲಿ ಸಾಗಿದ್ದರೆ ಹೆಚ್ಚಿನ ಪಾಲು ಇದೇ ಕಾರಣ. ತಾರಸಿಗೆ ಬಿಸಿಲು ತಡೆಯುವ ಬಿಳಿ ಲೇಪನ, ಸೀಳಿಗೆ ಹಿಗ್ಗಿ ಕುಗ್ಗುವ ಸೀಲೆಂಟ್ ಸಾಕು. ಸಿಮೆಂಟು ಮೆತ್ತಿದರೆ ಮುಂದಿನ ಬೇಸಿಗೆಗೆ ಮತ್ತೆ ಬಿಡುತ್ತದೆ.

ಪಿಲ್ಲರಿಗೂ ಬ್ಲಾಕ್ ಗೋಡೆಗೂ ಸೇರುವ ಗೆರೆಯಲ್ಲಿ ನೇರವಾಗಿ ಇಳಿಯುವ ಬಿರುಕೂ ಬಹುತೇಕ ನಿರಪಾಯಕಾರಿ. ಪ್ಲಾಸ್ಟರ್ ಮಾಡುವಾಗ ಅಲ್ಲಿ ಜಾಲರಿ ಹಾಕದ್ದರ ಫಲ ಅದು. ಕಿಟಕಿ ಮೂಲೆಯಿಂದ ಮೆಟ್ಟಿಲಿನ ಹಾಗೆ ಬ್ಲಾಕಿನ ಸಂದುಗಳಲ್ಲಿ ಓರೆಯಾಗಿ ಏರುವ ಬಿರುಕು ಬೇರೆ ಜಾತಿಯದು. ಮನೆಯ ಒಂದು ಮೂಲೆ ಕೂರುತ್ತಿದೆ ಎಂದು ಅದು ಹೇಳುತ್ತದೆ. ಗುಂಡಿಯ ಕಡೆಯ ಗೋಡೆಗಳಲ್ಲಿ ಇದನ್ನೇ ಹುಡುಕಿ. ಬೀಮಿನಲ್ಲಿ ಪಿಲ್ಲರಿನ ಹತ್ತಿರ ಓರೆಯಾಗಿ ಬಿಟ್ಟ ಬಿರುಕು ಕೂದಲೆಳೆಯಷ್ಟಿದ್ದರೂ ಇಂಜಿನಿಯರು ನೋಡಲೇಬೇಕು.

ನಿಜವಾಗಿ ಹೆದರಬೇಕಾದ್ದು ನೀವು ಒಂದೇ ಸಾಲಿನಲ್ಲಿ ಬರೆದು ಬಿಟ್ಟ ಬಾತ್‌ರೂಮಿನ ಪಕ್ಕದ ಪಿಲ್ಲರಿಗೆ. ಹೊಸ ಕಾಂಕ್ರೀಟಿನ ಕ್ಷಾರ ಕಂಬಿಯನ್ನು ತುಕ್ಕಿನಿಂದ ಕಾಯುತ್ತದೆ. ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ವರ್ಷಗಟ್ಟಲೆ ಒಳಗೆ ಇಳಿಯುತ್ತಾ ಆ ಕ್ಷಾರವನ್ನು ಕಳೆಯುತ್ತದೆ. ಅದು ಕಂಬಿ ಮುಟ್ಟಿದ ಮೇಲೆ ತೇವವೊಂದಿದ್ದರೆ ತುಕ್ಕು ಶುರು. ಪಿಲ್ಲರಿನಲ್ಲಿ ಕಂಬಿಯ ಮೇಲೆ 40 ಮಿಮೀ ಕಾಂಕ್ರೀಟು ಹೊದಿಕೆ ಇರಬೇಕೆನ್ನುತ್ತದೆ ಕಾಂಕ್ರೀಟು ಕಟ್ಟಡಗಳ ಭಾರತೀಯ ಮಾನಕ ಐಎಸ್ 456. ಆಗಿನ ಮೇಸ್ತ್ರಿಗಳು ಕವರ್ ಬ್ಲಾಕ್ ಬದಲು ಜಲ್ಲಿ ಚೂರು ಸಿಕ್ಕಿಸಿ ಕಾಂಕ್ರೀಟು ಸುರಿದ ಕಡೆಗಳಲ್ಲಿ 10–15 ಮಿಮೀ ಸಿಕ್ಕರೆ ಹೆಚ್ಚು. ಬಾತ್‌ರೂಮಿನ ಸೋರಿಕೆ ತೇವವನ್ನು ಪುಕ್ಕಟೆ ಒದಗಿಸಿದೆ. ತುಕ್ಕು ಮೂಲ ಕಬ್ಬಿಣಕ್ಕಿಂತ ಎರಡರಿಂದ ಆರು ಪಟ್ಟು ಜಾಗ ಬೇಡುತ್ತದೆ, ಕಾಂಕ್ರೀಟನ್ನು ಒಳಗಿನಿಂದ ಸೀಳುತ್ತದೆ. ಕಂಬಿಯ ಗುಂಟ ಉದ್ದಕ್ಕೆ ಬಿರುಕು ಬರುವುದೂ ಕಂದು ಕಲೆ ಇಳಿಯುವುದೂ ಅದಕ್ಕೇ. ಮೇಲೆ ತಟ್ಟಿದರೆ ಡೊಳ್ಳು ಶಬ್ದ ಬಂದರೆ ಹೊದಿಕೆ ಬಿಟ್ಟುಕೊಂಡಿದೆ ಎಂದರ್ಥ.

ಇದಕ್ಕೆ ಊರೆಲ್ಲ ಮಾಡುವ ಮದ್ದು, ಉದುರಿದ್ದನ್ನು ಕೆರೆದು ಕಂಬಿಗೆ ರೆಡ್ ಆಕ್ಸೈಡ್ ಬಳಿದು ಪ್ಲಾಸ್ಟರ್ ಮಾಡುವುದು. ಎರಡು ಮೂರು ವರ್ಷ ಕಣ್ಣಿಗೆ ಕಾಣುವುದಿಲ್ಲ, ಒಳಗೆ ನಡೆಯುತ್ತಲೇ ಇರುತ್ತದೆ. ಮೊದಲು ಸೋರುವ ಪೈಪು ಸರಿಯಾಗಬೇಕು. ಆಮೇಲೆ ಇಂಜಿನಿಯರ್ ಹೇಳಿದ ಕಡೆ ಜಾಕಿ (ತಾತ್ಕಾಲಿಕ ಆಸರೆ) ಕೊಟ್ಟು, ಕಂಬಿಯ ಹಿಂದೆಯೂ 20–25 ಮಿಮೀ ಬಿಡುವಂತೆ ಕಾಂಕ್ರೀಟು ಕಡಿದು, ಕಂಬಿಯನ್ನು ಹೊಳೆಯುವಂತೆ ಉಜ್ಜಿ, ಉಳಿದ ದಪ್ಪ ಅಳೆಯಬೇಕು. ತೀರಾ ಸವೆದಿದ್ದರೆ ಜೊತೆಗೆ ಹೊಸ ಕಂಬಿ. ನಂತರ ಪಾಲಿಮರ್ ಬೆರೆತ ಗಾರೆ ಅಥವಾ ಮೈಕ್ರೊ ಕಾಂಕ್ರೀಟು. ಜಾಕಿ ಇಲ್ಲದೆ ಪಿಲ್ಲರು ಕಡಿಯಲು ಯಾರಿಗೂ ಬಿಡಬೇಡಿ, ಅದೂ ಪಕ್ಕದಲ್ಲಿ ಗುಂಡಿ ತೆರೆದಿರುವಾಗ.

"25 ವರ್ಷ ಏನೂ ಆಗಿಲ್ಲ"

ಮೇಸ್ತ್ರಿಯವರ ಮಾತಿಗೆ ಲೆಕ್ಕದಲ್ಲೇ ಉತ್ತರ ಕೊಡಬೇಕು. ನಿಮ್ಮ ಮನೆಯ ಅಳತೆ ನನ್ನ ಬಳಿ ಇಲ್ಲ, ಇಂಥ ಮನೆಗಳ ಸಾಮಾನ್ಯ ಅಳತೆ ಇಟ್ಟುಕೊಳ್ಳುತ್ತೇನೆ. ನಡುವಿನ ಒಂದು ಪಿಲ್ಲರು ಸುಮಾರು 3 ಮೀಟರಿಗೆ 3.5 ಮೀಟರ್, ಅಂದರೆ ಹತ್ತೂವರೆ ಚದರ ಮೀಟರ್ ಜಾಗದ ಭಾರ ಹೊರುತ್ತದೆ. ಐದು ಇಂಚಿನ ಮೋಲ್ಡು, ನೆಲಹಾಸು, ಬೀಮು, ಗೋಡೆ, ಜನ, ಸಾಮಾನು ಎಲ್ಲ ಸೇರಿ ಚದರ ಮೀಟರಿಗೆ 1.1 ಟನ್ ಹತ್ತಿರ. ಗೋಡೆಗಳಿಲ್ಲದ ತಾರಸಿಗೆ 0.65 ಟನ್. ಹಾಗೆ ನೋಡಿದರೆ ನೆಲಮಹಡಿಯ ಪಿಲ್ಲರಿನ ಮೇಲೆ 1998ರಲ್ಲಿ ಇದ್ದದ್ದು ಸುಮಾರು 18 ಟನ್. 2009ರಲ್ಲಿ ಅದು 30 ಆಯಿತು. ಮೂರನೇ ಮಹಡಿ ಹಾಕಿದರೆ 41 ದಾಟುತ್ತದೆ.

ಇನ್ನು ಹೊರುವ ಶಕ್ತಿ. 9×9 ಪಿಲ್ಲರು, ನಾಲ್ಕು 12 ಎಂಎಂ ಕಂಬಿ, ಕಾಂಕ್ರೀಟು ಎಂ20 ದರ್ಜೆಯದು (ಅಂಕಿ ಹೆಚ್ಚಿದಷ್ಟೂ ಬಲ ಹೆಚ್ಚು) ಎಂದುಕೊಂಡರೆ ಐಎಸ್ 456ರ ಸರಳ ಸೂತ್ರದಲ್ಲಿ ದಿನನಿತ್ಯದ ಭಾರಕ್ಕೆ ಸಿಗುವ ಮಿತಿ ಸುಮಾರು 37 ಟನ್. ಕೈಯಲ್ಲಿ ಕಲಸಿ, ಸಲೀಸಾಗಲೆಂದು ನೀರು ಹೆಚ್ಚಿಗೆ ಸುರಿದ ಕಾಂಕ್ರೀಟು ಎಂ10ರಷ್ಟೇ ಬಂದಿದ್ದರೆ 23ಕ್ಕೆ ಇಳಿಯುತ್ತದೆ. ಅಲ್ಲದೆ ಆ ಸರಳ ಸೂತ್ರ 9 ಇಂಚಿನ ತೆಳು ಪಿಲ್ಲರಿಗೆ ಉದಾರವಾಯಿತು. ಭಾರ ಸ್ವಲ್ಪ ಪಕ್ಕಕ್ಕೆ ಬೀಳುವುದನ್ನೂ ಲೆಕ್ಕಕ್ಕೆ ಹಿಡಿದರೆ ಎರಡೂ ಅಂಕಿ ಇನ್ನಷ್ಟು ತಗ್ಗುತ್ತವೆ.

ಪಾಯದ ಕಥೆಯೂ ಹೀಗೇ. ನಾಲ್ಕು ಅಡಿ ಉದ್ದಗಲದ ಫುಟಿಂಗ್ (ಪಿಲ್ಲರಿನ ಬುಡದ ಅಗಲ ಪೀಠ) ಎಂದರೆ ಸುಮಾರು 1.49 ಚದರ ಮೀಟರ್. ಒಳ್ಳೆಯ ಕೆಮ್ಮಣ್ಣು ಚದರ ಮೀಟರಿಗೆ 15ರಿಂದ 20 ಟನ್ ತಡೆಯುತ್ತದೆ, ಅಂದರೆ ಒಂದು ಫುಟಿಂಗಿಗೆ 22ರಿಂದ 30 ಟನ್. ನಿಮ್ಮ ಮನೆ ಇವತ್ತೇ ಅಂಚಿನ ಮೇಲಿದೆ.

ಹಾಗಿದ್ದರೆ ಬೀಳಲಿಲ್ಲವೇಕೆ? ಮಿತಿಯಲ್ಲಿ ಸುರಕ್ಷತೆಯ ಅಂಶ ಸೇರಿದೆ, ಅದಕ್ಕೆ. ಆ ಅಂಶ ಇಟ್ಟಿರುವುದು ಕಳಪೆ ಜಲ್ಲಿ, ತುಕ್ಕು, ಓರೆಯಾದ ಪಿಲ್ಲರು, ಪಕ್ಕದವರ ಜೆಸಿಬಿ, ಇಂಥವಕ್ಕೆಂದು. 2009ರಲ್ಲೇ ನೀವು ಅದರಲ್ಲಿ ದೊಡ್ಡ ಪಾಲನ್ನು ಖರ್ಚು ಮಾಡಿದ್ದೀರಿ. ಮಿಕ್ಕಿದ್ದನ್ನು ತುಕ್ಕು ತಿನ್ನುತ್ತಿದೆ. ಕಾಂಕ್ರೀಟಿನ ಪಿಲ್ಲರು ಕುಸಿಯುವಾಗ ಬೀಮಿನ ಹಾಗೆ ಬಾಗಿ, ಜೋತು, ಎಚ್ಚರಿಸಿ ಬೀಳುವುದಿಲ್ಲ, ಸಿಡಿದು ಕೂರುತ್ತದೆ. 2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ಕೆಳಗೆ ಅಂಗಡಿಗಳು ನಡೆಯುತ್ತಿದ್ದಂತೆಯೇ ಕಟ್ಟಡ ಕುಸಿದು 19 ಜನ ಸತ್ತರು. 2021ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಲಕ್ಕಸಂದ್ರದಲ್ಲಿ ಹಳೆಯ ಮೂರಂತಸ್ತಿನ ಮನೆ ಕುಸಿದಾಗ ಒಳಗಿದ್ದವರು ಮೊದಲೇ ಹೊರಬಂದಿದ್ದರಿಂದ ಜೀವ ಉಳಿದವು.

ಇನ್ನೊಂದು ಜಾಗವನ್ನು ಮರೆಯಬೇಡಿ. 1998ರಿಂದ 2009ರವರೆಗೆ ತಾರಸಿಯ ಮೇಲೆ ಮುಂದಿನ ಮಹಡಿಗೆಂದು ಬಿಟ್ಟ ಕಂಬಿಗಳು ಹನ್ನೊಂದು ಮಳೆಗಾಲ ನೆನೆದಿವೆ. ಅವು ಮೋಲ್ಡಿನಿಂದ ಹೊರಬರುವ ಜಾಗದಲ್ಲೇ ಹೆಚ್ಚು ಸವೆಯುವುದು. ಎರಡನೇ ಮಹಡಿಯ ಪಿಲ್ಲರುಗಳನ್ನು ಅವುಗಳಿಗೇ ಕಟ್ಟಿದ್ದಾರೆ, ಸುಮಾರು ಎರಡು ಅಡಿ ಜೋಡಣೆ ಬೇಕಾದಲ್ಲಿ ಎಷ್ಟು ಸಿಕ್ಕಿತ್ತೋ ಮೇಸ್ತ್ರಿಗೇ ಗೊತ್ತು. ತಪಾಸಣೆಯಲ್ಲಿ ಎರಡನೇ ಮಹಡಿಯ ಒಂದೆರಡು ಪಿಲ್ಲರಿನ ಬುಡ ಬಿಚ್ಚಿ ನೋಡಲೇಬೇಕೆಂದು ಹೇಳಿ.

ಟ್ಯಾಂಕುಗಳ ವಿಷಯ ಚಿಕ್ಕದೆನಿಸಬಹುದು. 2,000 ಲೀಟರ್ ಎಂದರೆ ಎರಡು ಟನ್ ನೀರು, ನಾಲ್ಕೂವರೆ ಅಡಿ ವ್ಯಾಸದ ತಳದ ಮೇಲೆ. ಚದರ ಮೀಟರಿಗೆ 1,300 ಕೆಜಿ ಮೀರುತ್ತದೆ. ಓಡಾಡುವ ತಾರಸಿಗೆ ವಿನ್ಯಾಸದಲ್ಲಿ ಹಿಡಿಯುವ ಓಡಾಟದ ಭಾರ 150 ಕೆಜಿ. ಮೋಲ್ಡಿನ ನಡುವೆ ಇಟ್ಟಿದ್ದರೆ ಈ ವಾರವೇ ಒಂದನ್ನು ಖಾಲಿ ಮಾಡಿ. ಉಳಿದದ್ದನ್ನು ಪಿಲ್ಲರಿನಿಂದ ಪಿಲ್ಲರಿಗೆ ಹಾಯುವ ಕಬ್ಬಿಣದ ತೊಲೆಗಳ ಮೇಲೆ ಕೂರಿಸಿ, ಗುಂಡಿಯಿಂದ ದೂರದ ಬದಿಯಲ್ಲಿ.

ಹ್ಯಾಮರ್ ಸರ್ಟಿಫಿಕೇಟಿನ ಬೆಲೆ

ಹ್ಯಾಮರ್ ಕಾಂಕ್ರೀಟಿನ ಮೇಲ್ಮೈ ಎಷ್ಟು ಗಡಸು ಎಂದಷ್ಟೇ ಹೇಳುತ್ತದೆ. ಅದರಿಂದ ಊಹಿಸುವ ಬಲದಲ್ಲಿ 25 ಶೇಕಡ ಹೆಚ್ಚು ಕಡಿಮೆ ಬರಬಹುದೆಂದು ಮಾನಕವೇ ಒಪ್ಪುತ್ತದೆ. ಹಳೆಯ ಮನೆಯಲ್ಲಿ ಇನ್ನೊಂದು ಮೋಸವಿದೆ. ಕ್ಷಾರ ಕಳೆದುಕೊಂಡ ಕಾಂಕ್ರೀಟಿನ ಮೇಲ್ಪದರ ಗಡಸಾಗುತ್ತದೆ, ಹ್ಯಾಮರ್ ಹೆಚ್ಚಿನ ಅಂಕಿ ತೋರಿಸುತ್ತದೆ. ಯಾವ ಕಾರಣಕ್ಕೆ ಕಂಬಿ ತುಕ್ಕು ಹಿಡಿಯುತ್ತಿದೆಯೋ ಅದೇ ಕಾರಣಕ್ಕೆ ಪರೀಕ್ಷೆ ಪಾಸಾಗುತ್ತದೆ. ಪ್ಲಾಸ್ಟರ್ ಮೇಲೇ ಹೊಡೆದು ಬರೆದುಕೊಂಡರೆ ಅದಕ್ಕೂ ಅರ್ಥವಿಲ್ಲ. ಕಂಬಿ ಎಷ್ಟಿದೆ, ಪಾಯ ಎಷ್ಟು ಅಗಲ ಎಂಬುದನ್ನಂತೂ ಯಾವ ಹ್ಯಾಮರೂ ಹೇಳದು.

ಸರಿಯಾದ ತಪಾಸಣೆ ಅಳತೆಯ ನಕ್ಷೆಯಿಂದ ಶುರುವಾಗುತ್ತದೆ. ಸ್ಟ್ರಕ್ಚರಲ್ ಇಂಜಿನಿಯರ್ ಎಲ್ಲ ಪಿಲ್ಲರು, ಬೀಮು ಗುರುತಿಸಿ ಸಂಖ್ಯೆ ಕೊಡುತ್ತಾರೆ. ನಂತರ ಪಾಯ. ಗುಂಡಿಯಿಂದ ದೂರದ ಬದಿಯಲ್ಲಿ, ಮಳೆಯಿಲ್ಲದ ದಿನ, ಒಂದು ಸಲಕ್ಕೆ ಒಂದೇ ಫುಟಿಂಗ್ ಬಿಚ್ಚಿ ಆಳ, ಅಗಲ, ದಪ್ಪ ಅಳೆದು ಮಣ್ಣು ನೋಡಿ ಅದೇ ದಿನ ಗಟ್ಟಿಯಾಗಿ ಮುಚ್ಚಬೇಕು. ಕಂಬಿ ಪತ್ತೆಯ ಸ್ಕ್ಯಾನರಿನಿಂದ ಕಂಬಿಯ ಸಂಖ್ಯೆ ಮತ್ತು ಹೊದಿಕೆ, ಖಾತ್ರಿಗೆ ಒಂದೆರಡು ಕಡೆ ಕಡಿದು ನೋಡುವುದು. ಅಲ್ಟ್ರಾಸಾನಿಕ್ ತರಂಗದ ಪರೀಕ್ಷೆಯಲ್ಲಿ ವೇಗ ಸೆಕೆಂಡಿಗೆ 3.5 ಕಿಮೀಗಿಂತ ಕೆಳಗಿಳಿದ ಕಡೆ ಟೊಳ್ಳೋ ಬಿರುಕೋ ಇರಬಹುದೆಂಬ ಅನುಮಾನ ಬರಬೇಕು. ಕಡಿದ ತಾಜಾ ಮುಖಕ್ಕೆ ಫಿನಾಲ್ಫ್ತಲೀನ್ ಸಿಂಪಡಿಸಿದರೆ ಕ್ಷಾರವಿದ್ದಲ್ಲಿ ಗುಲಾಬಿ ಬಣ್ಣ ಬರುತ್ತದೆ, ಬಣ್ಣ ಬಾರದ ಪದರ ಕಂಬಿ ತಲುಪಿದೆಯೇ ಎಂದು ಕಣ್ಣಲ್ಲೇ ಕಾಣುತ್ತದೆ. ಕೆಲವೇ ನಿಮಿಷದ ಅಗ್ಗದ ಪರೀಕ್ಷೆ, ಆದರೂ ಬಿಟ್ಟುಬಿಡುವವರೇ ಹೆಚ್ಚು.

ಕೊನೆಗೆ ಕೋರ್. ಕೊರೆದು ತೆಗೆದ ಸಿಲಿಂಡರುಗಳು ಕನಿಷ್ಠ ಮೂರು ಬೇಕು. ಸರಾಸರಿ ಬಲ ನಿಗದಿತ ಬಲದ 85 ಶೇಕಡ, ಯಾವುದೇ ಒಂದು 75 ಶೇಕಡಕ್ಕಿಂತ ಕಡಿಮೆ ಇಲ್ಲದಿರುವುದು ಐಎಸ್ 456ರ ಅಳತೆಗೋಲು. ನಿಮ್ಮ 9 ಇಂಚಿನ ಪಿಲ್ಲರಿನಲ್ಲಿ ಮೂರು ಇಂಚಿನ ತೂತು ಕೊರೆಯುವುದೇ ಅಪಾಯ. ಎಲ್ಲಿ ಕೊರೆಯಬೇಕೆಂದು ಇಂಜಿನಿಯರ್ ಲಿಖಿತವಾಗಿ ಹೇಳಬೇಕು, ಕಂಬಿ ತಪ್ಪಿಸಬೇಕು, ಕುಗ್ಗದ ಗ್ರೌಟಿನಿಂದ ಕೂಡಲೇ ತುಂಬಬೇಕು. ತುಕ್ಕು ಹಿಡಿದ ಪಿಲ್ಲರನ್ನು ಮುಟ್ಟಲೇಬಾರದು. ಪರೀಕ್ಷೆಗಳನ್ನು ಎನ್‌ಎಬಿಎಲ್ (ಪ್ರಯೋಗಾಲಯಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇರುವ ಪ್ರಯೋಗಾಲಯ ಮಾಡಲಿ.

ಈ ಅಂಕಿಗಳನ್ನೆಲ್ಲ ಹಾಕಿ ಲೆಕ್ಕ ಮಾಡಿದ ಮೇಲೆ ಬರುವುದು ವರದಿ. ಅದರಲ್ಲಿ ಪ್ರತಿ ಪಿಲ್ಲರಿಗೆ ಬರುವ ಭಾರ, ಅದು ಹೊರಬಲ್ಲದ್ದು, ಎರಡರ ಅನುಪಾತ ಇರಬೇಕು. "ಕಟ್ಟಡ ಪರಿಶೀಲಿಸಲಾಗಿದ್ದು ಸುರಕ್ಷಿತವಾಗಿದೆ" ಎಂಬ ಒಂದು ಪುಟ ತಂದುಕೊಟ್ಟರೆ, ಯಾವ ಫುಟಿಂಗ್ ಬಿಚ್ಚಿ ನೋಡಿದಿರಿ ಎಂದು ಕೇಳಿ.

ಪಾಲಿಕೆ ಒಡೆಸುತ್ತದೆಯೇ

ಖಾಸಗಿ ಇಂಜಿನಿಯರಿಂದ ತಪಾಸಣೆ ಮಾಡಿಸಿದರೆ ವರದಿ ನಿಮ್ಮದು. ಅದು ತಾನಾಗಿ ಪಾಲಿಕೆಗೆ ಹೋಗುವುದಿಲ್ಲ. ಪಕ್ಕದವರ ಮೇಲೆ ದೂರು ಕೊಟ್ಟಾಗ ಮಾತ್ರ ಬಂದ ಅಧಿಕಾರಿ ನಿಮ್ಮ ಕಡೆಗೂ ಕತ್ತು ತಿರುಗಿಸಬಹುದು, ಅದನ್ನು ಮುಚ್ಚಿಡುವುದಿಲ್ಲ. ಆ ಭಯಕ್ಕೆ ಗುಂಡಿಯನ್ನು ಸಹಿಸಿಕೊಳ್ಳುವುದು ಮಾತ್ರ ತಪ್ಪು ಲೆಕ್ಕ.

ಎರಡನೇ ಮಹಡಿ ಅನಧಿಕೃತ ಎಂಬುದರಲ್ಲಿ ಅನುಮಾನವಿಲ್ಲ. ತೆರಿಗೆ ಕಟ್ಟಿದ್ದೇವೆ, ಖಾತೆಯಲ್ಲಿ ಸೇರಿದೆ, ಬೆಸ್ಕಾಂ ಮೀಟರ್ ಕೊಟ್ಟಿದೆ ಎನ್ನುವ ವಾದಗಳು ನಿಲ್ಲುವುದಿಲ್ಲ. ಖಾತೆ ತೆರಿಗೆಯ ಲೆಕ್ಕಪತ್ರ, ಕಟ್ಟಡದ ಪರವಾನಗಿ ಅಲ್ಲ. ಅಕ್ರಮ-ಸಕ್ರಮ ಬರುತ್ತದೆ ಎಂದು ಕಾಯುತ್ತಿರುವವರು ಬಹಳ. ಆ ಯೋಜನೆಗೆ ಸುಪ್ರೀಂ ಕೋರ್ಟ್ 2017ರ ಜನವರಿಯಲ್ಲೇ ತಡೆ ಕೊಟ್ಟಿತು. ಇನ್ನು ಮೂರನೇ ಮಹಡಿ. 2015ರ ಪರಿಷ್ಕೃತ ಮಾಸ್ಟರ್ ಪ್ಲಾನಿನಲ್ಲಿ ನಿಮ್ಮಂಥ ಸಣ್ಣ ಸೈಟಿಗೆ ಮೂಲ ಎಫ್‌ಎಆರ್ (ಸೈಟಿನ ವಿಸ್ತೀರ್ಣದ ಎಷ್ಟು ಪಟ್ಟು ಕಟ್ಟಬಹುದೆಂಬ ಅನುಪಾತ) 1.75. 1,200 ಚದರಡಿಗೆ ಅದು 2,100 ಚದರಡಿ. ಒಂಬತ್ತು ಚದರದ ಮೂರು ಅಂತಸ್ತು ಸೇರಿ ನೀವು ಆಗಲೇ 2,700ರಲ್ಲಿದ್ದೀರಿ, ನಾಲ್ಕನೆಯದು 3,600ಕ್ಕೆ ಒಯ್ಯುತ್ತದೆ. ಈಚಿನ ತಿದ್ದುಪಡಿಗಳಲ್ಲಿ ನಿಮ್ಮ ರಸ್ತೆಗೆ ಏನು ಅನ್ವಯವೆಂದು ನಿಮ್ಮ ಪಾಲಿಕೆಯ ನಗರ ಯೋಜನಾ ವಿಭಾಗದಲ್ಲೇ ಕೇಳಿ. 2025ರ ಸೆಪ್ಟೆಂಬರಿನಿಂದ ನಗರ ಐದು ಪಾಲಿಕೆಗಳಾಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಬಂದಿರುವುದರಿಂದ ಹಳೆಯ ವಾರ್ಡ್ ಕಚೇರಿಯ ವಿಳಾಸ ನಂಬಿ ಅಲೆಯಬೇಡಿ.

2024ರಲ್ಲಿ ಸುಪ್ರೀಂ ಕೋರ್ಟಿನಿಂದ ಬಂದ ಎರಡು ತೀರ್ಪು ನಿಮಗೆ ಎರಡೂ ಕಡೆಯಿಂದ ತಾಗುತ್ತವೆ. ನವೆಂಬರ್ 13ರ ತೀರ್ಪಿನ ಪ್ರಕಾರ 15 ದಿನದ ಮುಂಚಿತ ನೋಟಿಸು, ಅಹವಾಲು ಕೇಳುವುದು ಇಲ್ಲದೆ ಒಡೆಯುವಂತಿಲ್ಲ. ರಸ್ತೆ, ಫುಟ್‌ಪಾತ್‌ನಂಥ ಸಾರ್ವಜನಿಕ ಜಾಗದ ಒತ್ತುವರಿಗೆ ಈ ರಕ್ಷಣೆ ಇಲ್ಲ. ಹಾಗಾಗಿ ರಾತ್ರೋರಾತ್ರಿ ಒಡೆಯುತ್ತಾರೆಂಬ ಭಯ ಬೇಡ. ನೋಟಿಸು ಬಂದರೆ ಪೆಟ್ಟಿಗೆಯಲ್ಲಿಡದೆ ಗಡುವಿನೊಳಗೆ ಲಿಖಿತ ಉತ್ತರ ಕೊಡಿ. ಡಿಸೆಂಬರ್ 17ರ ತೀರ್ಪು ಸ್ವಾಧೀನ ಪ್ರಮಾಣಪತ್ರ (ಓಸಿ, ಅಂದರೆ ಮಂಜೂರಾದ ಪ್ಲಾನಿನಂತೆ ಕಟ್ಟಲಾಗಿದೆ ಎಂಬ ಪತ್ರ) ನೋಡಿಯೇ ವಿದ್ಯುತ್, ನೀರು, ಚರಂಡಿ ಸಂಪರ್ಕ ಕೊಡಬೇಕೆಂದಿತು, ಬ್ಯಾಂಕುಗಳೂ ಅದನ್ನು ನೋಡಿಯೇ ಸಾಲ ಕೊಡಬೇಕೆಂದಿತು. 2009ರಲ್ಲಿ ನಡೆದಂತೆ ಈಗಲೂ ಕಟ್ಟಿದ ಮೇಲೆ ಮೀಟರ್ ಹಾಕಿಸಿಕೊಳ್ಳಬಹುದೆಂದು ಅಣ್ಣ ಎಣಿಸಿದ್ದರೆ, ಆ ಎಣಿಕೆ ಕೈಕೊಡಬಹುದು.

ಪಿಜಿ ಎಂದರೆ ಇನ್ನೂ ಒಂದು ಹೊರೆ. ಬಿಬಿಎಂಪಿ 2024ರಲ್ಲಿ ಕೊಟ್ಟ ಮಾರ್ಗಸೂಚಿಯಲ್ಲಿ ಉದ್ದಿಮೆ ಪರವಾನಗಿ, ತಲೆಗೆ ಕನಿಷ್ಠ 70 ಚದರಡಿ, ಸಿಸಿಟಿವಿ, ಅಗ್ನಿ ಸುರಕ್ಷತೆ ಎಲ್ಲ ಇದ್ದವು. ಬಾಡಿಗೆಗಿದ್ದವರಿಗೆ ಪ್ರಾಣಹಾನಿಯಾದರೆ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಮಿನಲ್ಲಿ ನಿರ್ಲಕ್ಷ್ಯದ ಸಾವಿಗೆ ಐದು ವರ್ಷದವರೆಗೆ ಶಿಕ್ಷೆಯಿದೆ. ಬಿರುಕು ಗೊತ್ತಿದ್ದೂ ಮೇಲೆ ಕಟ್ಟಿದ ಮಾಲೀಕ "ಮೇಸ್ತ್ರಿ ಹೇಳಿದ್ದರು" ಎಂದರೆ ಅದು ಉತ್ತರವಾಗದು.

ಉಳಿದಿರುವ ದಾರಿಗಳು

ಇರುವ ಮೂರು ಅಂತಸ್ತನ್ನು ಗಟ್ಟಿ ಮಾಡಿಕೊಂಡು ಅಲ್ಲಿಗೇ ನಿಲ್ಲಿಸುವುದು ನನ್ನ ಮೊದಲ ಸಲಹೆ. ಸೋರಿಕೆ ತಡೆ, ತುಕ್ಕು ಹಿಡಿದ ಪಿಲ್ಲರಿನ ದುರಸ್ತಿ, ಟ್ಯಾಂಕು ಸ್ಥಳಾಂತರ, ಮತ್ತು ಲೆಕ್ಕದಲ್ಲಿ ಸೋತ ಪಿಲ್ಲರುಗಳಿಗೆ ಜಾಕೆಟಿಂಗ್. ಜಾಕೆಟಿಂಗ್ ಎಂದರೆ ಹಳೆಯ ಪಿಲ್ಲರಿನ ಸುತ್ತ ಹೊಸ ಕಂಬಿ ಕಟ್ಟಿ ಹೊಸ ಕಾಂಕ್ರೀಟಿನ ಕವಚ ಹಾಕುವುದು. ಹಳೆಯ ಕಟ್ಟಡ ಬಲಪಡಿಸುವುದರ ಮಾನಕ ಐಎಸ್ 15988ರಂತೆ ಸುರಿದು ಹಾಕುವ ಕವಚ ಕನಿಷ್ಠ 100 ಮಿಮೀ ದಪ್ಪ ಇರಬೇಕು. ನಿಮ್ಮ 9 ಇಂಚಿನ ಪಿಲ್ಲರು 17 ಇಂಚಾಗುತ್ತದೆ, ಕಾರು ನಿಲ್ಲಿಸುವ ಜಾಗದಲ್ಲಿ ಇದು ಎದ್ದು ಕಾಣುತ್ತದೆ. ಕವಚ ನೆಲಹಾಸಿನ ಮೇಲಿಂದ ಶುರುವಾದರೆ ಅಲಂಕಾರವಷ್ಟೇ. ಫುಟಿಂಗಿನಿಂದ ಎದ್ದು, ಫುಟಿಂಗನ್ನೂ ಅಗಲ ಮಾಡಿ, ಮೋಲ್ಡು ತೂರಿ ಮೇಲಿನ ಮಹಡಿಗೆ ಸೇರಬೇಕು. ಅಕ್ಕಪಕ್ಕದ ಎರಡು ಪಿಲ್ಲರುಗಳನ್ನು ಒಟ್ಟಿಗೆ ಮುಟ್ಟಬಾರದು. ಫೈಬರ್ ಬಟ್ಟೆ ಸುತ್ತುವ ವಿಧಾನ ಜಾಗ ಉಳಿಸುತ್ತದೆ, ಆದರೆ ಒಳಗಿನ ತುಕ್ಕು ತೆಗೆಯದೆ ಸುತ್ತಿದರೆ ಹುಣ್ಣಿನ ಮೇಲೆ ಪಟ್ಟಿ ಕಟ್ಟಿದಂತೆ, ಪಾಯಕ್ಕಂತೂ ಅದರಿಂದ ಏನೂ ಸಿಗದು.

ಎರಡನೇ ಮಹಡಿಯನ್ನೇ ಇಳಿಸಿಬಿಡುವುದು ಕಹಿ ಮಾತು. ವರದಿಯಲ್ಲಿ ಹೆಚ್ಚಿನ ಪಿಲ್ಲರುಗಳೂ ಫುಟಿಂಗುಗಳೂ ಸೋತರೆ ಎಲ್ಲಕ್ಕೂ ಕವಚ ಹಾಕುವ ಖರ್ಚಿಗಿಂತ ಇದೇ ಅಗ್ಗವಾಗಬಹುದು, ಅನುಮತಿಯ ತಕರಾರೂ ಬಹುಮಟ್ಟಿಗೆ ಮುಗಿಯುತ್ತದೆ. ಅಣ್ಣನಿಗೆ ಬಾಡಿಗೆ ಆದಾಯ ಬೇಕೇ ಬೇಕಿದ್ದರೆ ಇಡೀ ಮನೆ ತೆಗೆದು ಹೊಸ ಮಂಜೂರಾತಿಯಲ್ಲಿ ಕಟ್ಟುವುದರ ಲೆಕ್ಕವನ್ನೂ ಹಾಕಿಸಲಿ. ಹಳೆಯದನ್ನು ಬಲಪಡಿಸಿ ಮತ್ತೆ ಏರಿಸುವುದು ಕಾನೂನಿನಲ್ಲೂ ಲೆಕ್ಕದಲ್ಲೂ ಗಿಟ್ಟುವುದು ಕಷ್ಟ. ಹಗುರವಾಗಿ ಕಬ್ಬಿಣದ ಚೌಕಟ್ಟು, ಶೀಟು ಹಾಕಿ ಕಟ್ಟೋಣ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಭಾರ ಅರ್ಧಕ್ಕಿಂತ ಇಳಿಯುವುದು ನಿಜ, ಆದರೆ ಅಂಚಿನಲ್ಲಿರುವ ಪಿಲ್ಲರಿಗೆ ಅದೂ ಸೇರ್ಪಡೆಯೇ. ಶೀಟಿನ ಮಹಡಿಗೂ ಅನುಮತಿ ಬೇಕು.

ಗುಂಡಿ ಮುಚ್ಚಿ ತಡೆಗೋಡೆ ಏಳುವವರೆಗೆ ಪೆನ್ಸಿಲ್ ಗುರುತುಗಳನ್ನು ದಿನಕ್ಕೊಮ್ಮೆ, ಮಳೆ ಬಂದರೆ ಬೆಳಿಗ್ಗೆ ಸಂಜೆ ನೋಡಿ. ನಿನ್ನೆ ಸಲೀಸಾಗಿದ್ದ ಬಾಗಿಲು ಇವತ್ತು ಸಿಕ್ಕಿಹಾಕಿಕೊಂಡರೆ, ಪಿಲ್ಲರಿನ ಬುಡದಿಂದ ಪುಡಿ ಉದುರಿದರೆ, ಪ್ಲಾಸ್ಟರ್ ಉಬ್ಬಿ ಸಿಡಿದರೆ, ಗಂಟೆಗಳ ಅಂತರದಲ್ಲಿ ಬಿರುಕು ಗುರುತು ದಾಟಿದರೆ ಇಂಜಿನಿಯರಿಗೆ ಫೋನು ಮಾಡುತ್ತಾ ಒಳಗೆ ಕೂರಬೇಡಿ. ಕೈಗೆಟಕುವಂತಿದ್ದರೆ ಗ್ಯಾಸ್ ಸಿಲಿಂಡರಿನ ರೆಗ್ಯುಲೇಟರ್ ಮುಚ್ಚಿ, ಮೇನ್ ಸ್ವಿಚ್ ಇಳಿಸಿ, ಬಾಡಿಗೆದಾರರ ಸಮೇತ ಎಲ್ಲರೂ ಗುಂಡಿಯ ಎದುರು ದಿಕ್ಕಿಗೆ ಹೊರಬಂದು 112ಕ್ಕೆ ಕರೆ ಮಾಡಿ. ಮನೆಯಲ್ಲಿ ವಯಸ್ಸಾದವರಿದ್ದರೆ ಆ ಬದಿಯ ಕೋಣೆಯಿಂದ ಅವರ ಮಂಚವನ್ನು ಇವತ್ತೇ ಬೇರೆಡೆಗೆ ಹಾಕಿ.